ಕೌದಿಗೂ ಬಾರದ ಬಟ್ಟೆ

ಮಹಾನವಮಿ ಅಮಾವಾಸ್ಯೆ ಹತ್ತಿರ ಬಂತೆಂದರೆ ನಾರಾಯಣಪುರ ಎಡದಂಡೆ ಕಾಲುವೆಯ ಏರಿ ನೋಡುವಂತಿರುತ್ತದೆ. ಟ್ರ್ಯಾಕ್ಟರಿನ ಟ್ರಾಲಿಯಲ್ಲಿ ಹಾಸಿಗೆ, ಕೌದಿ, ಜಮಖಾನ, ದಿಂಬಿನ ಗಲೀಪು ಎಲ್ಲ ಹೇರಿ, ಅದರ ಮೇಲೆ ಮನೆಯ ಹೆಣ್ಣುಮಕ್ಕಳು ಬುತ್ತಿಗಂಟು ಸಮೇತ ಕೂತು ಬರುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಏರಿಯ ಉದ್ದಕ್ಕೂ ಕೌದಿಗಳು ಬಿಸಿಲು ಕಾಯುತ್ತ ಮಲಗಿರುತ್ತವೆ. ಕೆಂಪು ಚೌಕ, ಹಸಿರು ಚೌಕ, ನಡುವೆ ಯಾರದೋ ಮದುವೆಯ ಕುಪ್ಪಸದ ಖಣ. ನವರಾತ್ರಿಯ ಘಟ ಕೂಡುವುದರೊಳಗೆ ಮನೆಯ ಅರಿವಿಯೆಲ್ಲ ಒಮ್ಮೆ ನೀರು ಕಾಣಬೇಕು ಎಂಬುದು ಈ ಸೀಮೆಯ ರೂಢಿ. ಕಾಲುವೆಗೆ ವಾರಬಂದಿ ಇರುವುದರಿಂದ ನೀರು ಬಿಡುವ ದಿನ, ನಿಲ್ಲಿಸುವ ದಿನ ನೋಡಿಕೊಂಡೇ ಹಾಸಿಗೆ ತೊಳೆಯುವ ದಿನ ಗೊತ್ತುಮಾಡುತ್ತಾರೆ. ಈ ಒಂದು ವಿಷಯದಲ್ಲಿ ಪಂಚಾಂಗಕ್ಕಿಂತ ನೀರಾವರಿ ಪ್ರಕಟಣೆಗೇ ಇಲ್ಲಿ ಬೆಲೆ ಜಾಸ್ತಿ.

ಹಾಗೆ ಹೊರಡುವ ಹಿಂದಿನ ದಿನ ನಮ್ಮ ದೊಡ್ಡವ್ವ ತಿಜೋರಿ ತೆಗೆಯುತ್ತಾಳೆ. ಎರಡು ಟ್ರಂಕು ಹೊರಗೆ ಬರುತ್ತವೆ. ಗಳದ ಮೇಲಿನದು, ಗೂಟಕ್ಕೆ ಸಿಕ್ಕಿಸಿದ್ದು, ಹಾಸಿಗೆಯ ಕೆಳಗೆ ಮಡಚಿ ಇಟ್ಟಿದ್ದು ಎಲ್ಲ ಪಡಸಾಲೆಯಲ್ಲಿ ಒಂದೇ ರಾಶಿಯಾಗುತ್ತದೆ. ಆಮೇಲೆ ಒಂದೊಂದನ್ನೇ ಕೈಗೆತ್ತಿಕೊಂಡು, ಬೆಳಕಿಗೆ ಹಿಡಿದು, ಎರಡೂ ಕೈಯಲ್ಲಿ ಜಗ್ಗಿ ನೋಡಿ ಒಂದೇ ಪ್ರಶ್ನೆ ಕೇಳುತ್ತಾಳೆ: “ಇದು ಯಾತಕ್ಕ ಬರ್ತದ?”

ಪಟ್ಟಣದಲ್ಲಿ ಈ ಕೆಲಸಕ್ಕೆ ಈಗ ಡಿಕ್ಲಟರಿಂಗ್ ಎನ್ನುತ್ತಾರೆ. ಅದಕ್ಕೊಬ್ಬ ಗುರುವೂ ಇದ್ದಾರೆ, ಜಪಾನಿನ ಮರಿ ಕೊಂಡೊ. 2014ರಲ್ಲಿ ಅವರ ಪುಸ್ತಕ ಇಂಗ್ಲಿಷಿಗೆ ಬಂದ ಮೇಲೆ ಲೋಕದ ತುಂಬ ಜನ ಕಪಾಟು ಖಾಲಿ ಮಾಡಲು ಕೂತರು. ಬಟ್ಟೆಯನ್ನು ಕೈಯಲ್ಲಿ ಹಿಡಿ, ಮನಸ್ಸು ಅರಳಿದರೆ ಇಟ್ಟುಕೋ, ಇಲ್ಲವಾದರೆ ಅದಕ್ಕೆ ಧನ್ಯವಾದ ಹೇಳಿ ಕಳಿಸು ಎಂಬುದು ಅವರ ಪಾಠದ ತಿರುಳು. (ಮೂರನೆಯ ಮಗು ಹುಟ್ಟಿದ ಮೇಲೆ ತನ್ನ ಮನೆಯೂ ಅಸ್ತವ್ಯಸ್ತವಾಗಿದೆ ಎಂದು 2023ರಲ್ಲಿ ಅವರೇ ಒಪ್ಪಿಕೊಂಡರು. ಆ ಮಾತು ಓದಿದ ದಿನ ನನಗೆ ಅವರ ಮೇಲೆ ಗೌರವ ಹೆಚ್ಚಾಯಿತು.) ಕೊಂಡೊ ಅವರ ಪ್ರಶ್ನೆ ನನ್ನನ್ನು ಕುರಿತದ್ದು. ದೊಡ್ಡವ್ವನ ಪ್ರಶ್ನೆ ಬಟ್ಟೆಯನ್ನು ಕುರಿತದ್ದು. ಮನೆಯಿಂದ ಹೊರಹೋದ ಬಟ್ಟೆಯ ಗತಿ ಏನು ಎಂದು ಮೊದಲನೆಯದು ಕೇಳುವುದೇ ಇಲ್ಲ. ಎರಡನೆಯದು ಅದನ್ನು ಬಿಟ್ಟು ಬೇರೇನನ್ನೂ ಕೇಳುವುದಿಲ್ಲ.

ಕೃಷ್ಣಾ ಹೊಳೆಯಾಚೆ, ಹೆಚ್ಚು ದೂರವಿಲ್ಲದ ಇಳಕಲ್ಲಿನಲ್ಲಿ ನೇಯ್ದ ಹತ್ತಿಯ ಪತ್ತಲ ಒಂದು ಮನೆಗೆ ಬಂದರೆ ಅದರ ಆಯುಷ್ಯದ ದಾರಿ ಮೊದಲೇ ಗೊತ್ತಿರುತ್ತಿತ್ತು. ಹಬ್ಬಕ್ಕೆ ಉಟ್ಟಿದ್ದು ಮುಂದೆ ಸಂತೆಗೆ, ಸಂತೆಗೆ ಉಟ್ಟಿದ್ದು ಹೊಲಕ್ಕೆ. ಉಟ್ಟು ಉಟ್ಟು ಮೆತ್ತಗಾದ ಮೇಲೆ ಅದರ ನಿಜವಾದ ಬೇಡಿಕೆ ಶುರುವಾಗುತ್ತಿತ್ತು. ಕೂಸಿನ ಮೈಗೆ ಹೊಸ ಬಟ್ಟೆ ಒರಟು, ಹಾಗಾಗಿ ಬಾಣಂತಿ ಕೋಣೆಗೆ ಹಳೇ ಧೋತರ, ಹಳೇ ಸೀರೆಯೇ ಬೇಕು. ಹೊಲದ ಬದುವಿನ ಬೇವಿನ ಮರಕ್ಕೆ ಕಟ್ಟುವ ಜೋಲಿಗೂ ಅದೇ. ಹತ್ತಿ ಬಿಡಿಸುವಾಗ ನಡುವಿಗೆ ಕಟ್ಟಿಕೊಳ್ಳುವ ಉಡಿ, ರೊಟ್ಟಿ ಸುತ್ತುವ ಬುತ್ತಿ ಅರಿವಿ, ಕೊಡ ಹೊರುವ ಸಿಂಬಿ, ಶಾವಿಗೆ ಒಣಗಿಸುವ ಹಾಸು, ಹೆಣ್ಣುಮಕ್ಕಳು ಬಾಯಿಬಿಟ್ಟು ಹೇಳದ ತಿಂಗಳ ಬಟ್ಟೆ, ಕೊನೆಗೆ ಒಲೆ ಮುಂದಿನ ಮಸಿಯರಿವಿ. ಅದೂ ಚಿಂದಿಯಾದರೆ ಎಣ್ಣೆಯಲ್ಲಿ ಅದ್ದಿ ಪಂಜಿಗೆ ಸುತ್ತುವರು. ಬಟ್ಟೆಗೆ ಕಸ ಎಂಬ ಅವಸ್ಥೆಯೇ ಇರಲಿಲ್ಲ, ನೇರ ಬೂದಿ.

ಈ ದಾರಿಯಲ್ಲಿ ಎಲ್ಲಕ್ಕಿಂತ ದೊಡ್ಡ ನಿಲ್ದಾಣ ಕೌದಿ. ಕೆಳಗೊಂದು ಗಟ್ಟಿ ಪತ್ತಲ, ಒಳಗೆ ಸವೆದ ಬಟ್ಟೆಯ ಹಲವು ಪದರ, ಮೇಲೆ ಬಣ್ಣದ ತ್ಯಾಪಿ. ಅಂಚಿನಿಂದ ಒಳಕ್ಕೆ ಸಾಲುಸಾಲಾಗಿ ಎಳೆ ಹೊಲಿಗೆ ಹಾಕುತ್ತ ಬರಬೇಕು. ಬೇಸಿಗೆಯಲ್ಲಿ ಹೊಲದ ಕೆಲಸ ಇಲ್ಲದಾಗ ಓಣಿಯ ಹೆಂಗಸರು ಕಟ್ಟೆ ಮೇಲೆ ಕೂತು ಹೊಲಿಯುತ್ತಾರೆ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ ಕಡೆಯ ಸಿದ್ದಿ ಹೆಣ್ಣುಮಕ್ಕಳು ಹೊಲಿಯುವ ಕೌದಿಗೆ ಹೊರದೇಶಗಳ ವಸ್ತುಸಂಗ್ರಹಾಲಯಗಳ ಕಣ್ಣು ಬಿದ್ದಿದೆ. ನಾಲ್ಕು ಮೂಲೆಗೆ ಫುಲ ಎಂಬ ಮುಕ್ಕೋನದ ತುಂಡು ಹಚ್ಚದಿದ್ದರೆ ಆ ಕೌದಿ ಬರಿಮೈಯದು ಎಂದು ಅವರ ಲೆಕ್ಕ. ನಮ್ಮ ಕಡೆಯ ಕೌದಿಗೆ ಅಂಥ ಹೆಸರು ಬಂದಿಲ್ಲ, ಆದರೆ ಅದರಲ್ಲಿ ಇಡೀ ಮನೆತನದ ಲೆಕ್ಕಪತ್ರ ಇರುತ್ತದೆ. ನಮ್ಮ ಮನೆಯ ಒಂದು ಕೌದಿಯಲ್ಲಿ ತೀರಿಹೋದ ದೊಡ್ಡಪ್ಪನ ಧೋತರದ ದಡಿ, ಅಕ್ಕನ ಶಾಲೆಯ ನೀಲಿ ಲಂಗ, ನನ್ನ ಜವಳದ ದಿನದ ಅಂಗಿ ಒಂದರ ಪಕ್ಕ ಒಂದು ಇವೆ. ಹೊದ್ದು ಮಲಗಿದರೆ ಎಲ್ಲರೂ ಇದ್ದಂತೆ.

ಈ ಸರಪಳಿ ಕಡಿದದ್ದು ಸಿಂಥೆಟಿಕ್ ಬಂದ ಮೇಲೆ. ನಾರಾಯಣಪುರದ ಬಸವಸಾಗರ ಅಣೆಕಟ್ಟು ಮುಗಿದದ್ದು 1982ರಲ್ಲಿ. ಸರಿಸುಮಾರು ಅದೇ ಕಾಲಕ್ಕೆ ನಮ್ಮೂರ ಕ್ಯಾಂಪಿನ ಅಂಗಡಿಗಳಲ್ಲಿ ಟೆರಿಕಾಟ್ ಪ್ಯಾಂಟು, ನೈಲಾನ್ ಸೀರೆ ತೂಗಾಡತೊಡಗಿದ ನೆನಪು ಹಿರಿಯರಿಗಿದೆ. ಒಗೆದರೆ ತಟ್ಟನೆ ಒಣಗುತ್ತದೆ, ಇಸ್ತ್ರಿ ಬೇಡ, ಬಣ್ಣ ಹೋಗದು, ಬೆಲೆ ಕಡಿಮೆ. ಬಡವರ ಮನೆಯ ಹೆಣ್ಣುಮಗಳಿಗೆ ಮೊದಲ ಬಾರಿ ನಾಲ್ಕು ಬಣ್ಣದ ಸೀರೆ ಸಿಕ್ಕಿದ್ದೂ ಅದರಿಂದಲೇ. ಅದನ್ನು ಬೈಯುವ ಹಕ್ಕು ಹತ್ತಿ ಬಟ್ಟೆ ಕೊಳ್ಳಬಲ್ಲ ನನ್ನಂಥವನಿಗಿಲ್ಲ. ಇವತ್ತು ಜಗತ್ತಿನಲ್ಲಿ ತಯಾರಾಗುವ ನೂಲಿನಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲಿಯೆಸ್ಟರೇ. ತೊಂದರೆ ಇರುವುದು ಅದು ಹಳತಾದಾಗ. ಕಲ್ಲೆಣ್ಣೆಯಿಂದ ಬಂದ ಆ ಎಳೆ ಸವೆದು ಮೆತ್ತಗಾಗದು. ಕೌದಿಯ ಪದರದೊಳಗೆ ಜಾರುತ್ತದೆ, ಮೈಗೆ ಕಾವು ಏರಿಸುತ್ತದೆ, ಬೆವರು ಹೀರುವುದಿಲ್ಲ. ಮಸಿಯರಿವಿ ಮಾಡಿದರೆ ನೀರನ್ನು ಆಚೆಯಿಂದ ಈಚೆ ದೂಡುತ್ತದೆಯೇ ಹೊರತು ಒರೆಸುವುದಿಲ್ಲ. ಒಲೆಯ ಕಿಡಿ ಬಿದ್ದರಂತೂ ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ.

ಕಳೆದ ಮಹಾನವಮಿಗೆ ನಾನು ಬೆಂಗಳೂರಿನಿಂದ ಎರಡು ಚೀಲ ಬಟ್ಟೆ ತಂದಿದ್ದೆ. ಹಳ್ಳಿಯಲ್ಲಿ ಯಾರಿಗಾದರೂ ಬರುತ್ತದೆ ಎಂಬ ಧಾರಾಳತನ. ದೊಡ್ಡವ್ವ ಚೀಲ ಸುರಿದು, ಮ್ಯಾರಥಾನಿನಲ್ಲಿ ಪುಕ್ಕಟೆ ಕೊಟ್ಟ ಟೀ ಶರ್ಟೊಂದನ್ನು ಎತ್ತಿ, ತಂಬಿಗೆಯ ನೀರು ನಾಲ್ಕು ಹನಿ ಚಿಮುಕಿಸಿದಳು. ಹನಿ ಮಣಿಯಂತೆ ಉರುಳಿ ನೆಲಕ್ಕೆ ಬಿತ್ತು.

“ನೀರು ಕುಡಿಯಂಗಿಲ್ಲ ಇದು, ಬೆವರು ಕುಡಿಯಂಗಿಲ್ಲ. ಕೌದಿಗೂ ಬರಂಗಿಲ್ಲ. ಇಷ್ಟು ದೂರ ಬಸ್ಸಿನಾಗ ಯಾಕ್ ಹೊತ್ಕೊಂಡ್ ಬಂದಿ ತಮ್ಮಾ?”

ಅಂಥವು ಒಂಬತ್ತಿದ್ದವು. ನನ್ನ ದಾನದ ಅರ್ಧ ಭಾಗ.

ಸಿಂಥೆಟಿಕ್ ಸೀರೆಗೆ ಮಾತ್ರ ನಮ್ಮ ರೈತರು ಒಂದು ದಾರಿ ಹುಡುಕಿಕೊಂಡಿದ್ದಾರೆ. ಕಾಡುಹಂದಿಯ ಕಾಟ ಇರುವ ಕಡೆ ಶೇಂಗಾ, ಜೋಳದ ಹೊಲದ ಸುತ್ತ ಗೂಟ ನೆಟ್ಟು ಹಳೇ ಸೀರೆಗಳನ್ನು ಉದ್ದಕ್ಕೆ ಕಟ್ಟುತ್ತಾರೆ. ಗಾಳಿಗೆ ಅಲುಗುತ್ತದೆ, ಮನುಷ್ಯರ ವಾಸನೆ, ಬಣ್ಣ ಎರಡೂ ಇರುತ್ತವೆ, ಹಂದಿ ಹಿಂಜರಿಯುತ್ತದೆ. ಮಳೆಗೂ ಬಿಸಿಲಿಗೂ ಬೇಗ ಕೊಳೆಯದ ಗುಣ ಇಲ್ಲಿ ಉಪಯೋಗಕ್ಕೆ ಬಂತು. ಸಂತೆಗಳಲ್ಲಿ ಹಳೇ ಸೀರೆಯನ್ನು ಇದಕ್ಕಾಗಿಯೇ ಗಂಟುಗಟ್ಟಿ ಮಾರುತ್ತಾರೆ. ಬೆಳದಿಂಗಳಲ್ಲಿ ಅಂಥ ಹೊಲದ ಪಕ್ಕ ಹಾಯುವಾಗ ಮದುವೆಮನೆಯ ಹೆಂಗಸರೆಲ್ಲ ಸಾಲಾಗಿ ನಿಂತಂತೆ ಕಂಡು ಒಂದು ಗಳಿಗೆ ಎದೆ ಝಲ್ಲೆನ್ನುತ್ತದೆ.

ನನ್ನ ಚೀಲದ ಉಳಿದ ಅರ್ಧಕ್ಕೆ ಬರೋಣ. ಅದರಲ್ಲಿ ಆರು ತುಂಬುತೋಳಿನ ಹತ್ತಿ ಅಂಗಿಗಳಿದ್ದವು, ಕಚೇರಿಗೆ ಹಾಕಿ ಹಾಕಿ ಕಾಲರ್ ಸವೆದವು. ಯಾರಿಗೂ ಬೇಡವಾಗಬಹುದು ಎಂದು ಅಂಜಿಕೆಯಿಂದಲೇ ತಂದಿದ್ದೆ. ಅವಕ್ಕೇ ಜಗಳ ಬಿತ್ತು. ನಮ್ಮ ಹೊಲಗಳಲ್ಲಿ ಕೂಲಿ ಮಾಡುವ ಹೆಣ್ಣುಮಕ್ಕಳು ಸೀರೆಯ ಮೇಲೆ ಗಂಡಸರ ಅಂಗಿ ತೊಡುವುದನ್ನು ನೀವು ನೋಡಿರುತ್ತೀರಿ. ಒಣಗಿದ ಹತ್ತಿಕಾಯಿಯ ಚೂಪು ತುದಿ ಮುಂಗೈ ಗೀರುತ್ತದೆ, ತೊಗರಿ ಕೊಯ್ಯುವಾಗ ಕಡ್ಡಿ ತರಚುತ್ತದೆ, ಮೆಣಸಿನಕಾಯಿ ಹೊಲದಲ್ಲಿ ಖಾರದ ಉರಿ, ಎಲ್ಲದರ ಮೇಲೆ ಈ ಸೀಮೆಯ ಬಿಸಿಲು. ತುಂಬುತೋಳಿನ ಸಡಿಲ ಹತ್ತಿ ಅಂಗಿ ಅವರ ಯೂನಿಫಾರ್ಮು. ಕಾಲರ್ ಸವೆದಿದ್ದರೆ ಅವರಿಗೇನು? ಅದರ ಮೇಲೆ ಸೆರಗು ಇಲ್ಲವೇ ಟವೆಲ್ಲು ಬರುತ್ತದೆ.

ನಮ್ಮ ಹೊಲಕ್ಕೆ ಹತ್ತಿ ಬಿಡಿಸಲು ಬರುವ ಹೆಣ್ಣುಮಗಳೊಬ್ಬಳು ಒಂದು ಅಂಗಿ ಎತ್ತಿಕೊಂಡು, ತಿರುವಿ ನೋಡಿ, ಮತ್ತೆ ಮಡಚಿ ನನ್ನ ಕೈಗೇ ಕೊಟ್ಟಳು.

“ಅಂಗಿ ಚೊಲೊ ಅದ ಅಣ್ಣಾ, ತೋಳೂ ಉದ್ದ ಅದಾವು. ಖರೆ ಗುಂಡಿ ಎಲ್ಲಿ? ನಡುವಿನ ಎರಡು ಗುಂಡೀನೇ ಇಲ್ಲ. ಗುಂಡಿ ಇಲ್ಲದ ಅಂಗಿ ತೊಟ್ಟು ಮಂದ್ಯಾಗ ಹ್ಯಾಂಗ ಬಗ್ಗಲಿ?”

ನನಗೆ ಮಾತು ಬರಲಿಲ್ಲ. ಗುಂಡಿ ಬಿದ್ದ ಕಾರಣಕ್ಕೇ ನಾನು ಆ ಅಂಗಿಯನ್ನು ಬೇಡದ ಬಟ್ಟೆಯ ಚೀಲಕ್ಕೆ ಹಾಕಿದ್ದೆ. ನನಗೆ ಬೇಡವಾಗಲು ಯಾವುದು ಕಾರಣವೋ ಅವಳಿಗೆ ಬೇಡವಾಗಲೂ ಅದೇ ಕಾರಣ. ಬಡವರಿಗೆ ಗುಂಡಿ ಬೇಕಾಗುವುದಿಲ್ಲ ಎಂದು ನಾನು ಯಾವಾಗ ತೀರ್ಮಾನಿಸಿದ್ದೆ?

ಪಟ್ಟಣದಿಂದ ಹಳ್ಳಿಗೆ ಹಳೇ ಬಟ್ಟೆ ಬರುವ ದೊಡ್ಡ ದಾರಿ ನನ್ನಂಥವರ ಚೀಲವಲ್ಲ, ಗುಳೆ. ಸುರಪುರ, ಶಹಾಪುರ, ಯಾದಗಿರಿ ತಾಲ್ಲೂಕುಗಳ ಸಾವಿರಾರು ಸಂಸಾರಗಳು ಬೆಂಗಳೂರು, ಮುಂಬೈ, ಪುಣೆಗೆ ಕಟ್ಟಡದ ಕೆಲಸಕ್ಕೆ ಹೋಗುತ್ತವೆ. ಗಂಡ ಗಾರೆ ಕೆಲಸ ಮಾಡಿದರೆ ಹೆಂಡತಿ ಪಕ್ಕದ ಅಪಾರ್ಟ್‌ಮೆಂಟಿನಲ್ಲಿ ಪಾತ್ರೆ ತೊಳೆಯುತ್ತಾಳೆ. ಅಲ್ಲಿನ ಅಕ್ಕ ದೀಪಾವಳಿಗೆ ಕಪಾಟು ಸ್ವಚ್ಛ ಮಾಡಿ ಒಂದು ಗಂಟು ಕೊಡುತ್ತಾಳೆ. ಬೇಡ ಎನ್ನುವಂತಿಲ್ಲ, ಕೆಲಸ ಉಳಿಯಬೇಕಲ್ಲ. ಆ ಗಂಟಿನಲ್ಲಿ ತನ್ನ ಮಕ್ಕಳಿಗೆ ಆಗುವುದನ್ನು ಆರಿಸಿ, ಒಂದೆರಡು ಊರಿನ ನಾದಿನಿಗೆಂದು ಇಟ್ಟು, ಮಿಕ್ಕಿದ್ದನ್ನು ಶೆಡ್ಡಿನ ಹಿಂದೆ ಸುಡುತ್ತಾಳೆ ಇಲ್ಲವೇ ಬಾಗಿಲ ಸಂದಿಗೆ ತುರುಕುತ್ತಾಳೆ. ಕೊಟ್ಟವರಿಗೆ ಎಲ್ಲವೂ ಉಪಯೋಗವಾಯಿತೆಂಬ ನೆಮ್ಮದಿ. ಯುಗಾದಿಗೆ ಯಾದಗಿರಿಯಲ್ಲಿ ರೈಲಿನಿಂದ ಇಳಿಯುವ ಗಂಟುಗಳಲ್ಲಿ ಬೆಂಗಳೂರಿನ ಇಂದಿರಾನಗರದ ಜೀನ್ಸು ಹುಣಸಗಿ ಸಂತೆಯವರೆಗೂ ಬರುತ್ತದೆ.

ಇದಕ್ಕೆ ಹೋಲಿಸಿದರೆ ಹಳೇ ಅರಿವಿಗೆ ಬಾಂಡೆ ಕೊಡುವವರ ವ್ಯಾಪಾರ ಹೆಚ್ಚು ಪ್ರಾಮಾಣಿಕವಾದದ್ದು ಎಂದು ನನ್ನ ಅಭಿಪ್ರಾಯ. ತಲೆ ಮೇಲೆ ಸ್ಟೀಲಿನ ಬುಟ್ಟಿ ಹೊತ್ತು ಬರುವ ಆಕೆ ಪ್ಯಾಂಟಿನ ಜಿಪ್ಪು ಎಳೆದು ನೋಡುತ್ತಾಳೆ, ಮೊಣಕಾಲು ಸವೆದಿದೆಯೇ ಎಂದು ಬೆಳಕಿಗೆ ಹಿಡಿಯುತ್ತಾಳೆ. ಬೇಡವೆನಿಸಿದ್ದನ್ನು ಮುಖದ ಮೇಲೇ ಎಸೆಯುತ್ತಾಳೆ. ಎರಡು ಪ್ಯಾಂಟು ಒಂದು ಸೀರೆಗೆ ಡಬ್ಬಿ ಕೇಳಿದರೆ ಇನ್ನೊಂದು ಅಂಗಿ ಹಾಕು ಎನ್ನುತ್ತಾಳೆ. ಆಮೇಲೆ ಒಗೆದು, ಹೊಲಿಗೆ ಹಾಕಿ, ಇಸ್ತ್ರಿ ಮಾಡಿ ಸಂತೆಗೆ ಇಡುತ್ತಾರೆ. ಅಲ್ಲಿ ಕೊಳ್ಳುವವನು ಚೌಕಾಸಿ ಮಾಡಿ, ಮೈಗೆ ಹಿಡಿದು ನೋಡಿ, ದುಡ್ಡು ಕೊಟ್ಟು ಒಯ್ಯುತ್ತಾನೆ. ಈ ಇಡೀ ದಾರಿಯಲ್ಲಿ ಯಾರೂ ಯಾರಿಗೂ ಉಪಕಾರ ಮಾಡಿಲ್ಲ, ಆದರೆ ಬಟ್ಟೆ ತಲುಪಬೇಕಾದಲ್ಲಿಗೆ ತಲುಪಿದೆ.

ದಾನದ ಬಟ್ಟೆ ದಾರಿ ತಪ್ಪುವುದು ಹೇಗೆ ಎಂದು ತಿಳಿಯಲು ನೆರೆಯ ದಿನಗಳನ್ನು ನೆನೆಯಬೇಕು. 2009ರ ಅಕ್ಟೋಬರಿನಲ್ಲಿ ಉತ್ತರ ಕರ್ನಾಟಕ ಮುಳುಗಿದಾಗ ನಾಡಿನ ಮೂಲೆಮೂಲೆಯಿಂದ ಲಾರಿಗಟ್ಟಲೆ ಬಟ್ಟೆ ಬಂತು. 2019ರ ಆಗಸ್ಟಿನಲ್ಲಿ ಬಸವಸಾಗರದ ಗೇಟುಗಳು ಎದ್ದು, ಕೃಷ್ಣೆಗೆ ಲಕ್ಷಗಟ್ಟಲೆ ಕ್ಯೂಸೆಕ್ ನೀರು ಹರಿದು, ನೀಲಕಂಠರಾಯನಗಡ್ಡಿಯಂಥ ನಡುಗಡ್ಡೆಯ ಊರಿನ ಜನ ಆಚೆ ದಡ ನೋಡುತ್ತ ಕೂತಾಗಲೂ ಬಂತು. ಕೊಟ್ಟವರ ಮನಸ್ಸು ಮರುಗಿದ್ದು ಖರೆ. ಆದರೆ ಪರಿಹಾರ ಕೇಂದ್ರವಾಗಿದ್ದ ಶಾಲೆಯೊಂದರ ವರಾಂಡದಲ್ಲಿ ನಾನು ನೋಡಿದ ರಾಶಿಯಲ್ಲಿ ಕೋಟು ಇತ್ತು, ಗೌನು ಇತ್ತು, ಒಂಟಿ ಕಾಲುಚೀಲ ಇತ್ತು, ಒಗೆಯದ ಒಳಉಡುಪು ಕೂಡ ಇತ್ತು. ಸೀರೆಗಳು ಬೇಕಾದಷ್ಟಿದ್ದವು. ಕುಪ್ಪಸ, ಲಂಗ ಒಂದಕ್ಕೂ ಇರಲಿಲ್ಲ. ಎಲ್ಲ ಬಿಟ್ಟು ಉಟ್ಟ ಬಟ್ಟೆಯಲ್ಲಿ ಓಡಿಬಂದವಳಿಗೆ ಲಂಗವಿಲ್ಲದ ಸೀರೆ ಯಾತಕ್ಕೆ? ಮುದುಕಿಯರ ಕಷ್ಟ ಇನ್ನೂ ಬೇರೆ. ಅವರು ಉಡುವುದು ಎಂಟು ಒಂಬತ್ತು ಗಜದ ಪತ್ತಲ, ಕಚ್ಚೆ ಹಾಕಿ. ಪಟ್ಟಣದ ಆರು ಗಜದ ಸೀರೆ ಅವರಿಗೆ ಸೊಂಟಕ್ಕೆ ಸುತ್ತುವಷ್ಟರಲ್ಲಿ ಮುಗಿಯುತ್ತದೆ. ಒಬ್ಬಾಕೆ ಎರಡು ಸೀರೆ ಜೋಡಿಸಿ ಗಂಟುಹಾಕಿ ಉಟ್ಟಿದ್ದಳು. ಉಳಿದ ರಾಶಿ ಮಳೆಯಲ್ಲಿ ನೆಂದು, ಬೂಸು ಹಿಡಿದು, ಊರಿನವರ ಕಸದ ಹೊರೆ ಹೆಚ್ಚಿಸಿತು. ನೆರೆ, ಭೂಕಂಪ ಬಂದಾಗ ಹಳೇ ಬಟ್ಟೆ ಕಳಿಸಬೇಡಿ ಎಂದು ಅಧಿಕಾರಿಗಳು ಕೈಮುಗಿಯುವುದು ಇದಕ್ಕೇ.

ಇಂಥ ರಾಶಿಗಳನ್ನು ದೇಶದ ಬೇರೆ ಬೇರೆ ಕಡೆ ಕಂಡವರಲ್ಲಿ ದೆಹಲಿಯ ಅಂಶು ಗುಪ್ತಾ ಒಬ್ಬರು. 1999ರಲ್ಲಿ ಗಂಡ ಹೆಂಡತಿ ತಮ್ಮದೇ ಕಪಾಟಿನಿಂದ ತೆಗೆದ 67 ಬಟ್ಟೆಗಳಿಂದ ಅವರ ಗೂಂಜ್ ಸಂಸ್ಥೆ ಶುರುವಾಯಿತು. ಅವರು ಬಟ್ಟೆಯನ್ನು ಸುಮ್ಮನೆ ಹಂಚುವುದಿಲ್ಲ. ಊರಿನವರು ತಮಗೆ ಬೇಕಾದ ಬಾವಿ, ಕೆರೆ, ಕಾಲುಸೇತುವೆಯ ಕೆಲಸ ಮಾಡುತ್ತಾರೆ, ಬಟ್ಟೆ ಅದರ ಪ್ರತಿಫಲವಾಗಿ ಬರುತ್ತದೆ. ಉಡಲು ಬಾರದ ಹತ್ತಿ ಬಟ್ಟೆಯನ್ನು ಒಗೆದು ಕತ್ತರಿಸಿ ಮುಟ್ಟಿನ ಬಟ್ಟೆಯಾಗಿಸುತ್ತಾರೆ. 2015ರಲ್ಲಿ ಗುಪ್ತಾ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಬೆಂಗಳೂರಿನಲ್ಲೂ ಗೂಂಜ್ ಬಟ್ಟೆ ತೆಗೆದುಕೊಳ್ಳುತ್ತದೆ. ಆರಿಸಿ, ವಿಂಗಡಿಸಿ, ಊರಿಗೆ ಹೊಂದುವಂತೆ ಗಂಟು ಕಟ್ಟುವುದೇ ಅವರ ಕೆಲಸದ ದೊಡ್ಡ ಪಾಲು.

ವಿಂಗಡಿಸದೆ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಲೋಕದಲ್ಲಿ ಉದಾಹರಣೆಗೆ ಬರವಿಲ್ಲ. ಘಾನಾ ದೇಶದ ಅಕ್ರಾ ನಗರದ ಕಂಟಮಾಂಟೊ ಪೇಟೆಗೆ ಶ್ರೀಮಂತ ದೇಶಗಳ ಹಳೇ ಬಟ್ಟೆ ಹಡಗುಗಟ್ಟಲೆ ಬಂದು ಬೀಳುತ್ತದೆ. ಅಲ್ಲಿಯವರು ಅದಕ್ಕೆ ಇಟ್ಟ ಹೆಸರಿನ ಅರ್ಥ ಸತ್ತ ಬಿಳಿಯನ ಬಟ್ಟೆ ಎಂದು. ಬದುಕಿದ್ದವರು ಇಷ್ಟೊಂದು ಬಟ್ಟೆ ಬಿಸಾಡಲು ಸಾಧ್ಯವೇ ಇಲ್ಲ ಎಂಬ ಎಣಿಕೆ. ಹರಿಯಾಣದ ಪಾಣಿಪತ್ತಿಗೂ ಹೊರದೇಶದ ಉಣ್ಣೆ ಬಟ್ಟೆ ಬರುತ್ತದೆ. ಅದನ್ನು ಹರಿದು, ಎಳೆ ಬಿಡಿಸಿ, ಮತ್ತೆ ನೂಲು ಮಾಡಿ ಅಗ್ಗದ ಕಂಬಳಿ ನೇಯುತ್ತಾರೆ. ಪರಿಹಾರ ಸಂಸ್ಥೆಗಳು ಸಂತ್ರಸ್ತರಿಗೆ ಹಂಚಲು ಕೊಳ್ಳುವ ಕಂಬಳಿಗಳಲ್ಲಿ ಪಾಣಿಪತ್ತಿನವು ಬಹಳ. ಲಂಡನ್ನಿನ ಕೋಟು ಹೀಗೆ ಎಲ್ಲೋ ನೆರೆಯಲ್ಲಿ ನೆಂದ ಕೂಸಿನ ಮೈಗೆ ಬರುವುದುಂಟು. ಅಂದಹಾಗೆ ಹಳೇ ಬಟ್ಟೆ ಮತ್ತೆ ಹೊಸ ಉಡುಪಾಗುವುದು ಜಗತ್ತಿನಲ್ಲಿ ನೂರಕ್ಕೆ ಒಂದು ಪಾಲಿಗಿಂತ ಕಡಿಮೆ ಎಂದು ಎಲೆನ್ ಮ್ಯಾಕ್‌ಆರ್ಥರ್ ಪ್ರತಿಷ್ಠಾನ 2017ರಲ್ಲಿ ಲೆಕ್ಕ ಕೊಟ್ಟಿತ್ತು.

ಅಣೆಕಟ್ಟಿನ ಊರಿನವನಾದ್ದರಿಂದ ನನಗೆ ಇನ್ನೊಂದು ಲೆಕ್ಕವೂ ಕಾಡುತ್ತದೆ. ಒಂದು ಹತ್ತಿ ಟೀ ಶರ್ಟಿನ ಹಿಂದೆ ಹೊಲದಿಂದ ಅಂಗಡಿಯವರೆಗೆ ಸುಮಾರು 2,700 ಲೀಟರ್ ನೀರು ಖರ್ಚಾಗಿರುತ್ತದೆ ಎಂಬುದು ಎಲ್ಲೆಡೆ ಉಲ್ಲೇಖವಾಗುವ ಅಂಕಿ. ಒಂದು ಟಿಎಂಸಿ ಎಂದರೆ ಸುಮಾರು 2,832 ಕೋಟಿ ಲೀಟರ್. ಬಸವಸಾಗರದಲ್ಲಿ ನಿಲ್ಲುವುದು ಸುಮಾರು 33 ಟಿಎಂಸಿ. ಭಾಗಿಸಿದರೆ ನಮ್ಮ ತುಂಬಿದ ಜಲಾಶಯ ಸುಮಾರು 35 ಕೋಟಿ ಟೀ ಶರ್ಟಿಗೆ ಸಮ. ಹತ್ತಿಗೆ ಮಳೆಯ ನೀರೂ ಸೇರಿರುತ್ತದೆ, ಹಾಗಾಗಿ ಇದು ಕಾಲುವೆಯ ಲೆಕ್ಕವಲ್ಲ, ಕಣ್ಣಳತೆ ಅಷ್ಟೇ. ಆದರೂ ಶಹಾಪುರದ ಹತ್ತಿ ಗಿರಣಿಗೆ ಬಿಳಿ ಗುಡ್ಡದಂತೆ ತುಂಬಿಕೊಂಡು ಹೊರಟ ಗಾಡಿಗಳನ್ನು ನೋಡುವಾಗ, ಇದರಲ್ಲಿ ಎಷ್ಟು ಎರಡು ಸಲ ತೊಟ್ಟು ಬಿಸಾಡುವ ಅಂಗಿಯಾಗುತ್ತದೋ ಎಂದು ಹೊಟ್ಟೆ ಚುರುಕ್ಕೆನ್ನುತ್ತದೆ. ಹೊಳೆಗೆ ಬಟ್ಟೆ ಬಿಡುವ ನಮ್ಮ ರೂಢಿ ಇನ್ನೊಂದು. ತೀರ್ಥದಲ್ಲಿ ಮಿಂದು ಉಟ್ಟದ್ದನ್ನು ಅಲ್ಲೇ ಬಿಟ್ಟರೆ ಪೀಡೆ ಹರಿದುಹೋಯಿತೆಂದು ನಂಬಿಕೆ. ಧೋತರದ ಕಾಲಕ್ಕೆ ಅದು ಕೊಳೆತು ಹೋಗುತ್ತಿತ್ತು. ಪಾಲಿಯೆಸ್ಟರ್ ಪೀಡೆ ಕಲ್ಲಿಗೆ ಸಿಕ್ಕಿ ವರ್ಷಗಟ್ಟಲೆ ಅಲ್ಲೇ ಇರುತ್ತದೆ.

ಕೊಡುವುದರ ಬಗ್ಗೆ ಬರೆಯುವಾಗ ಇನ್ನೊಂದು ಮಾತು ಮುಚ್ಚಿಟ್ಟರೆ ತಪ್ಪಾಗುತ್ತದೆ. ನಮ್ಮ ಹಳ್ಳಿಗಳಲ್ಲಿ ಹಳೇ ಬಟ್ಟೆಗೆ ಜಾತಿಯ ವಾಸನೆ ಇದೆ. ಶೂದ್ರನಿಗೆ ಉಂಡು ಮಿಕ್ಕ ಅನ್ನ, ಉಟ್ಟು ಸವೆದ ಬಟ್ಟೆ ಕೊಡಬೇಕು ಎಂದು ಮನುಸ್ಮೃತಿಯ ಹತ್ತನೇ ಅಧ್ಯಾಯ ವಿಧಿಸುತ್ತದೆ. ಗೌಡರ ಮನೆಯ ಹಿತ್ತಲ ಬಾಗಿಲಲ್ಲಿ ಜೀತದಾಳು ಮೇಲಿಂದ ಹಾಕಿದ ಹಳೇ ಧೋತರವನ್ನು ಸೆರಗೊಡ್ಡಿ ಹಿಡಿದದ್ದನ್ನು ಕಂಡ ಕಣ್ಣುಗಳು ಇನ್ನೂ ಊರಿನಲ್ಲಿವೆ. 1927ರ ಡಿಸೆಂಬರಿನಲ್ಲಿ ಮಹಾಡದಲ್ಲಿ ಅಂಬೇಡ್ಕರ್ ಅವರು ಹೆಣ್ಣುಮಕ್ಕಳ ಮುಂದೆ ನಿಂತು ಮಾತಾಡಿದ್ದು ಬಟ್ಟೆಯ ಬಗ್ಗೆಯೇ. ಜಾತಿ ಗುರುತು ಹಚ್ಚುವ ಉಡುಗೆ, ಒಡವೆ ಬಿಡಿ, ಹರಕಾದರೂ ಶುಭ್ರವಾದದ್ದು ಉಡಿ ಎಂದರು. ಆ ಮಾತು ಮನೆಮನೆಗೆ ಇಳಿದಿದೆ. ಆದ್ದರಿಂದ ಕೇರಿಯ ಹುಡುಗನೊಬ್ಬ ನೀವು ಕೊಟ್ಟ ಬ್ರಾಂಡೆಡ್ ಅಂಗಿ ಬೇಡವೆಂದು, ಕೂಲಿ ದುಡ್ಡಿನಲ್ಲಿ ಸಂತೆಯ ಇನ್ನೂರು ರೂಪಾಯಿಯ ಹೊಸ ಅಂಗಿ ಕೊಂಡರೆ ಅದನ್ನು ಸೊಕ್ಕು ಎಂದು ಕರೆಯಬೇಡಿ. ಇರಾನಿನ ಮಶಾದ್ ಪಟ್ಟಣದಲ್ಲಿ 2015ರಲ್ಲಿ ಶುರುವಾಗಿ ನಮ್ಮ ದೇಶದ ಊರುಗಳಿಗೂ ಬಂದ ಕರುಣೆಯ ಗೋಡೆಯಲ್ಲಿ ನನಗೆ ಹಿಡಿಸಿದ್ದು ಇದೇ: ಬೇಡವಾದವರು ತೂಗುಹಾಕಿ ಹೋಗುತ್ತಾರೆ, ಬೇಕಾದವರು ಬಂದು ಆರಿಸಿ ಒಯ್ಯುತ್ತಾರೆ. ನಡುವೆ ಕೈಯೊಡ್ಡುವ ಗಳಿಗೆ ಇಲ್ಲ. ಆ ಗೋಡೆಯ ಕೆಳಗೆ ಮಳೆಗೆ ನೆಂದ ರಾಶಿ ಬಿದ್ದಿರುವುದನ್ನೂ ನೋಡಿದ್ದೇನೆ, ಅದು ಬೇರೆ ಮಾತು.

ಇದೆಲ್ಲ ಯೋಚಿಸುವಾಗ ನಮ್ಮದೇ ಸೀಮೆಯ ಒಬ್ಬ ನೇಕಾರ ನೆನಪಾಗುತ್ತಾನೆ. ಸುರಪುರ ಸೀಮೆಯ ಮುದನೂರಿನ ಜೇಡರ ದಾಸಿಮಯ್ಯ. ವಚನ ಹಾಡಿದ ಮೊದಲಿಗರಲ್ಲಿ ಒಬ್ಬ, ಬಸವಣ್ಣನವರಿಗಿಂತ ಹಿಂದಿನವನು. ಅವನ ಬಗ್ಗೆ ಜನ ಹೇಳುವ ಕಥೆಯಲ್ಲಿ ಅವನು ವರ್ಷಗಟ್ಟಲೆ ಕೂತು ಒಂದು ದಿವ್ಯವಸ್ತ್ರ ನೇಯುತ್ತಾನೆ. ಸಂತೆಗೆ ಒಯ್ದರೆ ಅದಕ್ಕೆ ಬೆಲೆ ಕಟ್ಟುವ ಧೈರ್ಯ ಯಾರಿಗೂ ಇಲ್ಲ. ತಿರುಗಿ ಬರುವ ದಾರಿಯಲ್ಲಿ ಒಬ್ಬ ಮುದಿ ಜಂಗಮ ಎದುರಾಗಿ ಅದನ್ನು ಬೇಡುತ್ತಾನೆ. ದಾಸಿಮಯ್ಯ ಕೊಡುತ್ತಾನೆ. ಜಂಗಮ ಅವನ ಕಣ್ಣೆದುರೇ ಆ ಬಟ್ಟೆಯನ್ನು ಪರಪರ ಹರಿದು ಚೂರು ಮಾಡುತ್ತಾನೆ. ನೇಕಾರನ ಮುಖದಲ್ಲಿ ಒಂದು ಗೆರೆಯೂ ಕದಲುವುದಿಲ್ಲ. ಕೊಟ್ಟಾಯಿತು, ಅದೀಗ ನಿಮ್ಮದು, ಏನಾದರೂ ಮಾಡಿಕೊಳ್ಳಿ ಎಂಬ ನಿಲುವು. ಜಂಗಮನ ವೇಷದಲ್ಲಿ ಬಂದ ಶಿವ ಮೆಚ್ಚಿ, ಎಂದೂ ಬರಿದಾಗದ ತವನಿಧಿ ಕೊಟ್ಟನಂತೆ. ತವನಿಧಿಯ ಭಾಗ ಕಥೆಗಾರರ ಸಂತೋಷಕ್ಕೆ ಇರಲಿ. ನನ್ನನ್ನು ತಡೆದು ನಿಲ್ಲಿಸುವುದು ಎರಡು ಸಂಗತಿ. ಒಂದು, ಅವನು ಕೊಟ್ಟದ್ದು ತನ್ನಲ್ಲಿದ್ದ ಅತ್ಯುತ್ತಮವಾದದ್ದು, ಬೇಡವಾದದ್ದಲ್ಲ. ಇನ್ನೊಂದು, ಕೊಟ್ಟ ಮೇಲೆ ಅದರ ಗತಿಯ ಮೇಲೆ ಅಧಿಕಾರ ಇಟ್ಟುಕೊಳ್ಳಲಿಲ್ಲ. ನಾವು ಬೇಡವಾದದ್ದನ್ನು ಕೊಟ್ಟು, ಕೆಲಸದಾಕೆ ಅದನ್ನು ಹಬ್ಬಕ್ಕೆ ತೊಟ್ಟಳೇ ಇಲ್ಲವೇ ಎಂದು ಕಣ್ಣಿಟ್ಟಿರುತ್ತೇವೆ.

ಹಾಗಾದರೆ ಕಪಾಟು ತೆಗೆಯುವವರು ಮಾಡಬೇಕಾದದ್ದೇನು ಎಂದು ಓದುಗರು ಕೇಳುವುದು ನ್ಯಾಯ. ನಾನು ಈಗ ದೊಡ್ಡವ್ವನಿಂದ ಕಲಿತಷ್ಟು ಮಾಡುತ್ತೇನೆ. ಮೊದಲು ಒಗೆದು ಪೂರ್ತಿ ಒಣಗಿಸುವುದು. ಹಸಿ ಇದ್ದರೆ ಗಂಟಿನಲ್ಲೇ ಬೂಸು ಹಿಡಿಯುತ್ತದೆ. ಗುಂಡಿ, ಜಿಪ್ಪು, ಲಾಡಿ, ಇಲಾಸ್ಟಿಕ್ಕು ನೋಡಿ, ಹೊಲಿಗೆ ಬಿಟ್ಟಿದ್ದನ್ನು ಹಾಕಿಸುವುದು. ಓಣಿಯ ದರ್ಜಿಗೆ ಇಪ್ಪತ್ತು ಮೂವತ್ತು ರೂಪಾಯಿಯ ಕೆಲಸ. ಸೀರೆಯ ಜೊತೆ ಅದರ ಕುಪ್ಪಸ, ಲಂಗ ಸೇರಿಸಿಯೇ ಮಡಚುವುದು. ಒಳಉಡುಪು ಕೊಡಲೇಬಾರದು, ಕೊಡುವುದಿದ್ದರೆ ಹೊಸದು. ಹತ್ತಿಯದನ್ನೂ ಸಿಂಥೆಟಿಕ್ಕನ್ನೂ ಬೇರೆ ಮಾಡಿದರೆ ಮುಂದಿನವರಿಗೆ ಅರ್ಧ ಕೆಲಸ ಕಡಿಮೆ. ಎಲ್ಲಿಗೆ ಹೋಗುತ್ತದೆ ಎಂಬುದನ್ನೂ ಯೋಚಿಸಬೇಕು. ಯಾದಗಿರಿ ಜಿಲ್ಲೆಯ ಬೇಸಿಗೆಗೆ ಜಾಕೆಟ್ಟು ಯಾರಿಗೆ?

ಮಕ್ಕಳ ಬಟ್ಟೆಯಲ್ಲಿ ಎಲ್ಲಕ್ಕಿಂತ ಒಳ್ಳೆಯ ದಾನ ಶಾಲೆಯ ಸಮವಸ್ತ್ರ ಎಂದು ನನ್ನ ಅನುಭವ. ಅದೇ ಶಾಲೆಯ ಕೆಳಗಿನ ತರಗತಿಗೆ ದಾಟಿಸಿದರೆ ಅದು ಹಳೆಯದು ಎಂದು ಯಾರಿಗೂ ತಿಳಿಯುವುದಿಲ್ಲ, ಎಲ್ಲರದೂ ಅದೇ ಬಣ್ಣ. ಮಗು ತಲೆ ತಗ್ಗಿಸಬೇಕಾಗಿಲ್ಲ. ನಮ್ಮ ಕಡೆಯ ಶಿಕ್ಷಕರೊಬ್ಬರು ಮಾರ್ಚಿನಲ್ಲಿ ಏಳನೇ ತರಗತಿಯವರ ಸಮವಸ್ತ್ರ ಒಗೆಸಿ ತರಿಸಿಕೊಂಡು, ಜೂನಿನಲ್ಲಿ ಹೊಸದರ ಜೊತೆ ಮಡಚಿ ಬೀರುವಿನಲ್ಲಿಟ್ಟು, ಬೇಕಾದವರು ಸಂಜೆ ಬಂದು ಅಳತೆ ನೋಡಿ ಒಯ್ಯಿರಿ ಎನ್ನುತ್ತಾರೆ. ಹೊಸದು ಯಾವುದು ಹಳೆಯದು ಯಾವುದು ಎಂದು ಅವರಿಗೂ ಆಮೇಲೆ ಗುರುತು ಸಿಗುವುದಿಲ್ಲವಂತೆ. ಇನ್ನು ಜರಿಯ ಹಳೇ ರೇಷ್ಮೆ ಸೀರೆ ಇದ್ದರೆ ಗಂಟಿಗೆ ಹಾಕುವ ಮುನ್ನ ಒಮ್ಮೆ ವಿಚಾರಿಸಿ. ಹಿಂದಿನ ಅಸಲಿ ಜರಿಯಲ್ಲಿ ಬೆಳ್ಳಿ ಇರುತ್ತದೆ, ಅದನ್ನು ಕೊಳ್ಳುವವರೇ ಬೇರೆ ಇದ್ದಾರೆ. ಬಂದ ದುಡ್ಡಿಗೆ ಎರಡು ಹೊಸ ಹತ್ತಿ ಸೀರೆ ಕೊಂಡು ಕೊಟ್ಟರೆ ತೆಗೆದುಕೊಳ್ಳುವವರಿಗೂ ಖುಷಿ.

ಇಷ್ಟೆಲ್ಲ ಮಾಡಲು ಹೊರಟರೆ ಕಪಾಟು ಒಂದು ಭಾನುವಾರದಲ್ಲಿ ಖಾಲಿಯಾಗುವುದಿಲ್ಲ. ನನ್ನದು ಇನ್ನೂ ಆಗಿಲ್ಲ. ಒಂಬತ್ತು ಟೀ ಶರ್ಟುಗಳಲ್ಲಿ ಎರಡನ್ನು ದೊಡ್ಡವ್ವ ಬೈಕು ಒರೆಸಲಿಕ್ಕಾದರೂ ಇರಲಿ ಎಂದು ಇಟ್ಟುಕೊಂಡಳು, ಅದಕ್ಕೂ ಅವು ಬರಲಿಲ್ಲ. ಒಂದನ್ನು ಜೋಳದ ಹೊಲದ ಬೆದರುಗೊಂಬೆಗೆ ತೊಡಿಸಿದ್ದೇವೆ. ಮ್ಯಾರಥಾನಿನ ಹೆಸರು ಎದೆಯ ಮೇಲೆ ಹೊತ್ತು ಅದು ಒಂದೇ ಕಡೆ ನಿಂತಿದೆ. ಉಳಿದ ಆರು ತಿಜೋರಿಯ ತಳದಲ್ಲಿವೆ.

ಈ ಸಲ ಘಟ ಕೂಡುವ ಮುಂಚಿನ ಸೋಮವಾರ ಕಾಲುವೆಗೆ ನೀರು ಬಿಡುತ್ತಾರೆಂದು ಸುದ್ದಿ. ದೊಡ್ಡವ್ವ ಆಗಲೇ ಟ್ರ್ಯಾಕ್ಟರಿನವನಿಗೆ ಹೇಳಿಟ್ಟಿದ್ದಾಳೆ. ನಾನು ಇದನ್ನು ಬರೆಯುತ್ತಿರುವಾಗ ಆಕೆ ಬಾಗಿಲಿಂದ ಇಣುಕಿ, ಸೂಜಿ ದಾರ ಹುಡುಕಿಕೊಟ್ಟು ಹೋದಳು. ಹತ್ತಿ ಬಿಡಿಸುವಾಕೆ ನಾಳೆ ಬೆಳಿಗ್ಗೆ ಹೊಲಕ್ಕೆ ಹೋಗುವಾಗ ಬರುತ್ತಾಳಂತೆ. ಎರಡು ಗುಂಡಿಯಲ್ಲಿ ಒಂದನ್ನು ಹಚ್ಚಿದ್ದೇನೆ, ಇನ್ನೊಂದು ಆಗಬೇಕು.